ಸ್ವಂತ ಸಂಪನ್ಮೂಲ

ಮಾರ್ಚ್ ಇಪ್ಪತ್ತಾರು. ದಾಸರಕಟ್ಟೆ ಪಂಚಾಯ್ತಿ ಕಚೇರಿ.
ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು,
ಹೊಸದಕ್ಕೆ ಬಿಲ್ಲು ಪಾಸಾಗಿಲ್ಲ ಎಂದು ನಾವೇ ನಗುತ್ತೇವೆ.

ಡೆಲ್ಲಿಯಿಂದ ಹೊರಟ ಕಂತು
ಬೆಂಗಳೂರಲ್ಲಿ ಇಳಿದಿದೆ ಅಂತಾರೆ,
ಇಳಿದೇ ಇಲ್ಲ ಅಂತಾರೆ.
ಅರಸೀಕೆರೆ ಜಂಕ್ಷನ್ನಿನಲ್ಲಿ ತಡವಾದ ಗಾಡಿಗಾದರೂ
ಒಂದು ನಂಬರಿದೆ, ಒಂದು ಪ್ಲಾಟ್‌ಫಾರಂ ಇದೆ.
ದೇವರು ಕೊಟ್ಟರೂ ಪೂಜಾರಿ ಕೊಡ ಎಂದರು ಒಬ್ಬ ಸದಸ್ಯರು;
ಯಾರು ದೇವರು, ಯಾರು ಪೂಜಾರಿ ಎಂಬುದರ ಮೇಲೆ
ಸಾಮಾನ್ಯ ಸಭೆ ಒಂದೂವರೆ ಗಂಟೆ ನಡೆಯಿತು.
ಟೀ ಖರ್ಚು ಅಧ್ಯಕ್ಷೆ ಗಂಗಾಮಣಿಯವರ ಸೆರಗಿನ ಗಂಟಿನಿಂದ.

ಬಂದರೂ ಅದು ಕೈಕಾಲು ಕಟ್ಟಿದ ದುಡ್ಡು:
ಇಷ್ಟು ಚರಂಡಿಗೆ, ಇಷ್ಟು ಪೈಪಿಗೆ,
ಸಂಬಳಕ್ಕೆ ಮಾತ್ರ ಮುಟ್ಟುವಂತಿಲ್ಲ.
ಪೈಪು ಕೊಳ್ಳಬಹುದು,
ಪೈಪಿಗೆ ನೀರು ಬಿಡುವ ಕೈಯನ್ನಲ್ಲ.
ತಲೆ ಎಣಿಸಿದ್ದು ಎರಡು ಸಾವಿರದ ಹನ್ನೊಂದರಲ್ಲಿ.
ಆಮೇಲೆ ಹುಟ್ಟಿದವರಿಗೆ ಬಾಯಾರುವುದಿಲ್ಲ.
ಆಮೇಲೆ ಸತ್ತವರು
ಇನ್ನೂ ದಿನಕ್ಕೆ ಐವತ್ತೈದು ಲೀಟರು ಬಳಸುತ್ತಲೇ ಇದ್ದಾರೆ.

ಮೊನ್ನೆ ಸೆಸ್ಕ್‌ನವರು ಬಂದು
ಬೀದಿದೀಪದ ಫ್ಯೂಸು ಕಿತ್ತುಕೊಂಡು ಹೋದರು.
ಹುಡುಗ ಒಳ್ಳೆಯವನು. ಕಂಬ ಹತ್ತುವ ಮುಂಚೆ ತಪ್ಪು ತಿಳೀಬೇಡಿ ಅಂದ,
ಇಳಿದ ಮೇಲೆ ಕುಡಿಯಲು ನೀರು ಕೇಳಿದ.

ಪಿಡಿಒ ಮೇಡಂ ಉಷಾಕಿರಣ ಕನ್ನಡಕ ಒರೆಸಿಕೊಂಡು ಹೇಳಿದರು:
ಸ್ವಂತ ಸಂಪನ್ಮೂಲ ಹೆಚ್ಚಿಸಬೇಕಂತೆ ಕಣ್ರೀ ಶಿವರುದ್ರ,
ಕಂದಾಯ ಏರದಿದ್ದರೆ ಮುಂದಿನದೂ ಇಲ್ಲವಂತೆ.
ಅಂತೆ ಬಂತು, ಕಂತು ಬರಲಿಲ್ಲ.

ನಾನು ಬಿಲ್ ಕಲೆಕ್ಟರು. ಚೀಲ ಹೊತ್ತು ಹೊರಟೆ.
ಡಿಮ್ಯಾಂಡ್ ರಿಜಿಸ್ಟರು, ಪುಟ ನಲವತ್ತೊಂದು:
ತೀರ್ಥಯ್ಯ ಬಿನ್ ಲೇಟ್ ಮಲ್ಲಯ್ಯ, ಹೆಂಚಿನ ಮನೆ,
ಬಾಕಿ ಆರುನೂರ ನಲವತ್ತು.

ತೀರ್ಥಯ್ಯ ನಮ್ಮ ನೀರುಗಂಟಿ.
ಅವನಿಗೆ ಪಂಚಾಯ್ತಿಯ ಬಾಕಿ ಹನ್ನೊಂದು ತಿಂಗಳು.
ಆ ಬಾಕಿಗೆ ನನ್ನ ಚೀಲದಲ್ಲಿ ಪುಟವಿಲ್ಲ.
(ನನ್ನದೂ ಏಳು ತಿಂಗಳಿದೆ. ಇಲ್ಲಿ ಬರೆಯಬಾರದು ಎಂದುಕೊಂಡಿದ್ದೆ.)

ಹೆಸರು ಹಿಡಿದು ಕೂಗಲು ಬಾಯಿ ಬರಲಿಲ್ಲ; ಅವನೇ ಬಂದ.
ಹೆಗಲ ಮೇಲೆ ವಾಲ್ವಿನ ಕೀ, ಎದೆಯೆತ್ತರದ ಕಬ್ಬಿಣ,
ಹಿಡಿಯುವಲ್ಲಿ ಮಾತ್ರ ಅಂಗೈ ಅಗಲದ ಹೊಳಪು.
ಚೀಲ ನೋಡಿದ. ನನ್ನನ್ನು ನೋಡಲಿಲ್ಲ.
ಒಳಗೆ ಹೋದ. ಹೆಂಡತಿ ಪುಟ್ಟಲಿಂಗಿ ಏನೋ ಅಂದಳು,
ಮೆಲ್ಲಗೇನಲ್ಲ.
ಹಾಲಿನ ಡೇರಿಯ ಬಟವಾಡೆ, ಇನ್ನೂ ರಬ್ಬರ್‌ ಬ್ಯಾಂಡು ಬಿಚ್ಚಿರಲಿಲ್ಲ.
ಎಣಿಸಿ ಕೊಟ್ಟ.
"ರಸೀದಿ ಹರಿ" ಅಂದ.
ಹರಿದೆ. ಕಾರ್ಬನ್ನು ಸವೆದಿತ್ತು,
ಕಚೇರಿಯ ಪ್ರತಿಯಲ್ಲಿ ಅವನ ಹೆಸರು ಮೂಡಲಿಲ್ಲ.

"ಇದ್ರಲ್ಲಿ ನಮಗೆಷ್ಟು ಬತ್ತದೆ?"
ವಸೂಲಿಯಲ್ಲಿ ನೂರಕ್ಕೆ ನಲವತ್ತು ನೌಕರರ ಸಂಬಳಕ್ಕೆ.
ಆರುನೂರ ನಲವತ್ತಕ್ಕೆ ಇನ್ನೂರ ಐವತ್ತಾರು.
ನಾವು ಆರು ಜನ.
ರಸೀದಿ ಪುಸ್ತಕದ ಬೆನ್ನ ಮೇಲೆ ಭಾಗಿಸಿದೆ:
ನಲವತ್ತೆರಡು ರೂಪಾಯಿ, ಚಿಲ್ಲರೆ.

ನಕ್ಕ. ನೀರಿಗೆ ಮುಂಚೆ
ಕೊಳಾಯಿಯಲ್ಲಿ ಗಾಳಿ ಬರುತ್ತದಲ್ಲ, ಹಾಗೆ.
"ನನ್ನ ಕೂಲಿ ನಾನೇ ಕೊಡೋದು ಅಂದ್ಮೇಲೆ
ನಾನೇ ಡೆಲ್ಲಿ ಆದೆ ಕಣಯ್ಯ."

ಆರು ಗಂಟೆಗೆ ಸೊಸೈಟಿ ಬೀದಿಯ ಪಾಳಿ. ಕೀ ಹೊತ್ತು ಹೋದ.
ಗುಂಡಿಯೊಳಗೆ ಇಳಿಸಿ, ಮೂರು ಸುತ್ತು ತಿರುಗಿಸಿದ್ದು
ನಾನು ನಿಂತಲ್ಲಿಗೇ ಕೇಳಿಸಿತು.
ಕತ್ತಲಲ್ಲಿ ಬಿಂದಿಗೆಗಳು ಒಂದಕ್ಕೊಂದು ತಗುಲಿದವು.

ಯಾರೋ ಹೆಂಗಸು, ಮುಖ ಕಾಣಲಿಲ್ಲ,
ನನ್ನ ಚೀಲದ ಗುರುತು ಹಿಡಿದು ಕೇಳಿದಳು:
"ಬೀದಿ ಲೈಟು ಯಾವಾಗ?"

"ಬರುತ್ತಂತೆ" ಎಂದೆ.